ಪೋಲಾದದ್ದು ಯಾವ ಹಣ?

ಸೀ ಸ್ಕ್ವರ್ಟ್ ಸಂಶೋಧನೆ ತೆರಿಗೆ ಹಣದ ಪೋಲು ಎಂದಿದೆ ಕಳೆದ ಸಂಚಿಕೆಯ ಲೇಖನ. ಖಂಡಿತ ಒಪ್ಪಲಾರೆ. ಬಂಡೆ, ದೋಣಿಕಟ್ಟೆಗಳಿಗೆ ಅಂಟಿ ಬದುಕುವ ಈ ಜೀವಿಗಳ ಗುಂಪೇ ಬೆನ್ನೆಲುಬಿರುವ ನಮಗೆಲ್ಲ ಅತಿ ಹತ್ತಿರದ ಬಂಧು. 2002ರಲ್ಲಿ ಇವುಗಳಲ್ಲೊಂದಾದ ಸಿಯೋನಾ ಪ್ರಭೇದದ ಜೀನೋಮ್ ಓದಿದ ಮುಖ್ಯ ಸಂಸ್ಥೆ, ಆಗ ಕ್ಯಾಲಿಫೋರ್ನಿಯಾದ ನಮ್ಮ ಡಬ್ಲಿನ್ ಸಮೀಪದ ವಾಲ್ನಟ್ ಕ್ರೀಕ್‌ನಲ್ಲಿದ್ದ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್; ಸರ್ಕಾರಿ ಹಣದಿಂದಲೇ ನಡೆಯುವಂಥದ್ದು.

ಸಿಯೋನಾ ಭ್ರೂಣದಲ್ಲಿ ಬರೀ 32 ಕೋಶಗಳಿರುವಾಗಲೇ ಎಫ್‌ಜಿಎಫ್ ಎಂಬ ಸಂಕೇತ ಒಟಿಎಕ್ಸ್ ಎಂಬ ವಂಶವಾಹಿಯನ್ನು ಎಬ್ಬಿಸುತ್ತದೆ. ಕೆಲವು ಕೋಶಗಳು ನರಮಂಡಲದ ದಾರಿ ಹಿಡಿಯುತ್ತವೆ. ಆ ವಂಶವಾಹಿಯನ್ನು ನಿಯಂತ್ರಿಸುವ ಡಿಎನ್‌ಎ ತುಣುಕನ್ನು ಆಗ ಬರ್ಕ್‌ಲಿಯಲ್ಲಿದ್ದ ಮೈಕಲ್ ಲೆವೀನ್, ಎಮ್ಮಾ ಫಾರ್ಲಿ ತಂಡ ಬೇಕೆಂದೇ ಬಲಪಡಿಸಿ ನೋಡಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಬಲಗೊಂಡ ತುಣುಕು ನರವಲ್ಲದ ಅಂಗಾಂಶಗಳಲ್ಲೂ ಚುರುಕಾಯಿತು. ದುರ್ಬಲವಾಗಿರುವುದರಿಂದಲೇ ಸಹಜ ತುಣುಕು ಕರಾರುವಾಕ್ಕು! 2024ರಲ್ಲಿ ಫಾರ್ಲಿ ತಂಡ ಇದೇ ಸೂತ್ರದಿಂದ, ಮನುಷ್ಯರಲ್ಲಿ ಹೆಚ್ಚುವರಿ ಬೆರಳು ಮೂಡಿಸುವ ಡಿಎನ್‌ಎ ಬದಲಾವಣೆಗಳನ್ನು ವಿವರಿಸಿತು.