ಸ್ವಾವಲಂಬನೆಯ ಮನೆಯೂ ನೆರೆಮನೆಯ ಬೋರ್‌ವೆಲ್ಲೂ

ಕಾವೇರಿಯ ಕೊಳಾಯಿಯನ್ನಾಗಲಿ ಬೆಸ್ಕಾಂನ ತಂತಿಯನ್ನಾಗಲಿ ನೆಚ್ಚದೆ, ತನ್ನ ತಾರಸಿಯ ಮೇಲೆ ಬೀಳುವ ಮಳೆ ಬಿಸಿಲುಗಳಿಂದಲೇ ಸಂಸಾರವನ್ನು ನಡೆಸಬಲ್ಲ ಮನೆಯೊಂದನ್ನು ಕಟ್ಟಿಕೊಳ್ಳಬೇಕೆಂಬ ಹಂಬಲವು, 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಬೀದಿ ಕಾದ ಬೆಂಗಳೂರಿನ ಜಯನಗರ, ಬನಶಂಕರಿಗಳ ಗೃಹಸ್ಥರಲ್ಲಿ ಬಲಿತಿದ್ದರೆ ಅದು ಸಹಜವೇ ಸರಿ. ಅದನ್ನು ಹಗಲುಗನಸೆನ್ನುವಂತೆಯೂ ಇಲ್ಲ. ವಿಜಯನಗರ ಬಡಾವಣೆಯಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು ಕಟ್ಟಿದ 'ಸೌರಭ'ವು 1995ರಿಂದ ಮಳೆನೀರನ್ನೇ ನೆಚ್ಚಿ ಬಾಳಿದ ಮನೆಯೆಂದು ಪ್ರಸಿದ್ಧವಾಗಿದೆ.

ಆದರೆ ಲೆಕ್ಕವು ಕಠಿಣವಾದದ್ದು. 1,200 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಸುರಿದರೆ, ವ್ಯರ್ಥವಾದುದನ್ನು ಕಳೆದು ಕೈಗೆ ದಕ್ಕುವುದು 90,000 ಲೀಟರಿನ ಆಸುಪಾಸು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ಬೇಕಾಗುವುದೋ ಸುಮಾರು ಎರಡು ಲಕ್ಷ. ಇದಕ್ಕೂ ಮಿಗಿಲಾದ ತೊಡಕು ಕಾಲದ್ದು: ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆಯೇ ಅಪರೂಪವಾದ ಈ ಊರಿನಲ್ಲಿ 10,000 ಲೀಟರಿನ ಸಂಪು ತುಂಬಿ ತುಳುಕುತ್ತಿದ್ದರೂ ಆ ಸಂಸಾರಕ್ಕೆ ಮೂರು ವಾರ ಒದಗದು.

ಸೌರಶಕ್ತಿಯ ವಿಷಯ ಇನ್ನೂ ವಿಚಾರಾರ್ಹ. ನೆಟ್ ಮೀಟರಿಂಗ್ ಪದ್ಧತಿಯಲ್ಲಿ ಗ್ರಿಡ್ಡಿಗೆ ಜೋಡಿಸಿದ ಫಲಕಗಳು, ಬ್ಯಾಟರಿಯಿಲ್ಲದಿದ್ದಲ್ಲಿ, ಕರೆಂಟು ಹೋದೊಡನೆ ನಡುಹಗಲಿನ ಉರಿಬಿಸಿಲಿನಲ್ಲಿಯೂ ಸ್ತಬ್ಧವಾಗುತ್ತವೆ. ಕಂಬವೇರಿ ದುರಸ್ತಿಯಲ್ಲಿ ತೊಡಗಿರುವ ಲೈನ್‌ಮನ್ನನ ಪ್ರಾಣಕ್ಕೆ ನಮ್ಮ ತಾರಸಿಯ ವಿದ್ಯುತ್ತು ಸಂಚಕಾರ ತಾರದಿರಲೆಂದು ಇನ್ವರ್ಟರು ತಾನಾಗಿಯೇ ನಿಲ್ಲುವಂತೆ ಏರ್ಪಡಿಸಲಾಗಿದೆ. ಮನೆಯ ಯಜಮಾನನಿಗೆ ಇದು ಕೊರತೆಯಾಗಿ ತೋರಬಹುದು. ನನಗೆ ಇದರಲ್ಲಿ ಸಹಜೀವನದ ಧರ್ಮವೇ ಕಾಣುತ್ತದೆ.

ಭೂಗರ್ಭದ ಜಲವೂ ಇದೇ ಧರ್ಮಕ್ಕೆ ಒಳಪಟ್ಟದ್ದು. ಇಂಗುಬಾವಿಗೆ ನಾವು ಇಳಿಸಿದ ಮಳೆಯು ಕಾಂಪೌಂಡು ಗೋಡೆಯನ್ನು ಅರಿಯದೆ ಕಲ್ಲಿನ ಬಿರುಕುಗಳಲ್ಲಿ ಹರಿದು ನೆರೆಮನೆಯ ಬೋರ್‌ವೆಲ್ಲನ್ನು ಸೇರೀತು. ನೆರೆಯವರು ಮಿತಿಮೀರಿ ಎತ್ತಿದರೆ ನಮ್ಮ ಬೋರ್‌ವೆಲ್ಲೂ ಬತ್ತೀತು. ಒಂಟಿ ಮನೆಯ ಸ್ವಾವಲಂಬನೆಯು ಇಲ್ಲಿಯೇ ಮುಗ್ಗರಿಸುತ್ತದೆ. ಅಲ್ಲದೆ, ಬಿ.ಟಿ.ಎಂ. ಬಡಾವಣೆಯ ನಾಲ್ಕಂತಸ್ತಿನ ಕಟ್ಟಡಗಳ ಒಂದೊಂದು ಕೋಣೆಯಲ್ಲಿ ಬಾಡಿಗೆಗಿರುವ ತರುಣರಿಗೆ ತಮ್ಮದೆನ್ನಬಹುದಾದ ತಾರಸಿಯಾದರೂ ಎಲ್ಲಿದೆ? ನಿವೇಶನವುಳ್ಳವರಿಗೆ ಮಾತ್ರ ಸಾಧ್ಯವಾಗುವ ಬಿಡುಗಡೆಯನ್ನು ನಗರದ ಆದರ್ಶವೆಂದು ಒಪ್ಪಲು ನನ್ನ ಮನಸ್ಸು ಒಡಂಬಡದು.

2009ರಲ್ಲಿ ಶಾಸನವು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿದಾಗ ನಿವೇಶನದ ಅಳತೆಯನ್ನೇ ಪ್ರಮಾಣವಾಗಿ ಹಿಡಿಯಿತು. ಅದು ಆರಂಭಕ್ಕೆ ತಕ್ಕುದೇ ಆಗಿತ್ತು. ಈಗ ಜಲಮಂಡಳಿಯು ಬಡಾವಣೆಯನ್ನೇ ಒಂದು ಮನೆಯೆಂದು ಬಗೆದು, ಜಯನಗರ ಐದನೆಯ ಬ್ಲಾಕಿನ ತನ್ನ ಮಳೆನೀರು ಉದ್ಯಾನದಲ್ಲಿ ಮಾದರಿಗಳಾಗಿ ತೋರಿಸಿರುವ ವಿಧಾನಗಳನ್ನು ಪ್ರತಿಯೊಂದು ಪಾರ್ಕಿಗೂ ಆಟದ ಮೈದಾನಕ್ಕೂ ತರಬೇಕು. ಕೊಯ್ಲು ಅಳವಡಿಸದವರಿಂದ ವಸೂಲಾಗುವ ದಂಡದ ಹಣವನ್ನು ಅದೇ ಬಡಾವಣೆಯ ಇಂಗುಬಾವಿಗಳಿಗೆ ಮೀಸಲಿಡಬೇಕು.