ಮನೆಯ ಕಾರ್ಯಾಗಾರಕ್ಕೆ ಮಿಲ್ಲಿಂಗ್ ಯಂತ್ರ

ಹೆಂಡತಿಯ ಒಡವೆಗಳನ್ನು ಅಡವಿಟ್ಟು ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರವೊಂದನ್ನು ಕೊಂಡು, ಮನೆಯಲ್ಲಿಯೇ ನಾಮಫಲಕಗಳನ್ನೂ ಮರದ ಅಚ್ಚುಗಳನ್ನೂ ಕೊರೆದು ಜೀವನೋಪಾಯವನ್ನು ಕಂಡುಕೊಳ್ಳಬಹುದೇ ಎಂದು ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುತ್ತಾರೆ. ಉಪಾಯವು ಒಳ್ಳೆಯದು; ಅಡವು ಮಾತ್ರ ಕೂಡದು. ಯಂತ್ರವು ಮನೆಗೆ ಬಂದ ದಿನವೇ ಸಂಪಾದನೆಗೆ ತೊಡಗುವುದಿಲ್ಲ. ಬಡ್ಡಿಯಾದರೋ ಆ ದಿನದಿಂದಲೇ ಬೆಳೆಯುವುದು.

ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯವರು 1952ರಲ್ಲಿ ಪ್ರದರ್ಶಿಸಿದರು. ಅಂದು ನಿಯಂತ್ರಣದ ಪೆಟ್ಟಿಗೆಯೇ ಯಂತ್ರಕ್ಕಿಂತ ಹೆಚ್ಚು ಸ್ಥಳವನ್ನು ಹಿಡಿದಿತ್ತು. ಇಂದು ಆ ಕೆಲಸವನ್ನು ಅಂಗೈಯಗಲದ ಹಲಗೆಯೊಂದು ಮಾಡುತ್ತದೆ. ಹೊಸಬರಿಗೆ ಯೋಗ್ಯವಾದುದು 3018 ಎಂಬ ಮಾದರಿ. ಹೆಸರೇ ಅದರ ಅಳತೆ: 30 ಸೆಂಟಿಮೀಟರು ಉದ್ದ, 18 ಸೆಂಟಿಮೀಟರು ಅಗಲ. ಮರವೂ ಅಕ್ರಿಲಿಕ್ಕೂ ಇದಕ್ಕೆ ಸುಲಭ. ಅಲ್ಯೂಮಿನಿಯಮ್ಮನ್ನು ತೆಳುತೆಳುವಾಗಿ ಕೆರೆಸಬಹುದು. ಉಕ್ಕಿನ ಮಾತನ್ನೇ ಎತ್ತಲಾಗದು. ನಾಮಫಲಕಕ್ಕೆ ಇಷ್ಟು ಸಾಕು.

ಇಂತಹುದರಲ್ಲಿ ನಾವು ಮೊದಲು ಕೊರೆದುದು ಕನ್ನಡದ ಅಕ್ಷರಗಳನ್ನು. ಮಕ್ಕಳ ಬರಹವನ್ನು ತಿದ್ದಿ ಪಳಗಿದ ಕಣ್ಣಿಗೆ ಒಡನೆಯೇ ಬಿದ್ದುದು ಅನುಸ್ವಾರ. ಅದು ದುಂಡಗಾಗದೆ ನಾಲ್ಕು ಕಡೆ ಚಪ್ಪಟೆಯಾಗಿತ್ತು. ವೃತ್ತವನ್ನು ಬಿಡಿಸುವಾಗ ಯಂತ್ರವು ನಾಲ್ಕು ಬಾರಿ ಹಿಂತಿರುಗಬೇಕು. ತಿರುಪಿಗೂ ಅದರ ನಟ್ಟಿಗೂ ನಡುವೆ ಸಡಿಲವಿದ್ದರೆ, ತಿರುಪು ತಿರುಗಿದರೂ ಮೇಜು ಕ್ಷಣಕಾಲ ಕದಲದು. ಕಸುಬಿನವರು ಇದನ್ನು ಬ್ಯಾಕ್‌ಲ್ಯಾಶ್ ಎನ್ನುವರು. ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳಲ್ಲಿ ಅಡಗಿಕೊಳ್ಳುವ ಈ ದೋಷವು ನಮ್ಮ ಬಳುಕಿನ ಲಿಪಿಯಲ್ಲಿ ಬಯಲಾಗುವುದು!

ಅಂಕಿಯನ್ನು ತಿದ್ದಿದರೆ ಸರಿಹೋಗುವುದೆಂದು ಮಾರಿದವನು ನಮಗೆ ಹೇಳಿದನು. ಈ ಮಾತು ತರ್ಕಕ್ಕೆ ನಿಲ್ಲದು. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆಯನ್ನಿಡುವುದು. ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3,200. ಸುತ್ತಿಗೆ 4 ಮಿ.ಮೀ. ಸಾಗುವ ತಿರುಪಿನಲ್ಲಿ ಮಿಲಿಮೀಟರಿಗೆ 800. ಈ 800ನ್ನು ತಿದ್ದಿದರೆ ಅಕ್ಷರವು ಹಿಗ್ಗೀತು ಇಲ್ಲವೆ ಕುಗ್ಗೀತು, ಸಡಿಲವು ಹೋಗದು.

ಆದುದರಿಂದ ಮೊದಲು ಅಳೆಯತಕ್ಕದ್ದು. ಡಯಲ್ ಗೇಜನ್ನು ಮೇಜಿಗೆ ತಾಗಿಸಿ, ಮೇಜನ್ನು ಒಂದೇ ದಿಕ್ಕಿಗೆ ಸ್ವಲ್ಪ ನಡೆಸಿ, ಮುಳ್ಳನ್ನು ಸೊನ್ನೆಗೆ ತರಬೇಕು. ಬಳಿಕ ಅದೇ ದಿಕ್ಕಿಗೆ 1 ಮಿ.ಮೀ., ಹಿಂದಕ್ಕೆ 1 ಮಿ.ಮೀ. ಆಜ್ಞಾಪಿಸಿದರೆ, ಮುಳ್ಳು ಸೊನ್ನೆಯಿಂದ ಎಷ್ಟು ದೂರ ನಿಲ್ಲುವುದೋ ಅಷ್ಟೇ ಸಡಿಲ. ಗೇಜಿನ ಅಯಸ್ಕಾಂತಪೀಠವು ಅಲ್ಯೂಮಿನಿಯಮ್ಮಿಗೆ ಅಂಟದು. ಅಡಿಯಲ್ಲಿ ಉಕ್ಕಿನ ದಪ್ಪ ಫಲಕವನ್ನಿಡಬೇಕು. ಎರಡು ನಟ್ಟುಗಳ ನಡುವೆ ಸ್ಪ್ರಿಂಗನ್ನು ಹಾಕಿದ ಜೋಡಿಯು ಅಲ್ಪಬೆಲೆಗೆ ದೊರೆಯುವುದು. ನಮ್ಮ ಅನುಸ್ವಾರವು ಅದರಿಂದಲೇ ದುಂಡಗಾಯಿತು.

ಅನಂತರ ಚೌಕಟ್ಟಿನ ಬೋಲ್ಟುಗಳನ್ನು ಬಿಗಿದು, ಮೂಲೆಗಳನ್ನು ಮಟ್ಟಗೋಲಿನಿಂದ ನೋಡತಕ್ಕದ್ದು. ಮೇಜಿನ ಮೇಲೆ ಎಂ.ಡಿ.ಎಫ್. ಹಲಗೆಯನ್ನು ಬಿಗಿದು ಆ ಯಂತ್ರದಿಂದಲೇ ಅದನ್ನು ಸಮತಳವಾಗಿ ಕೆರೆಸಿಕೊಂಡರೆ ಅಕ್ಷರಗಳ ಆಳವು ಎಲ್ಲೆಡೆ ಒಂದಾಗುವುದು. ದೊಡ್ಡ ಮೋಟಾರಿಗೆ ಹಣ ಸುರಿಯುವವರನ್ನು ಕಂಡರೆ ನಮಗೆ ಮರುಕವೇ ಸರಿ. ಚೌಕಟ್ಟು ಬಾಗುವಲ್ಲಿ ಮೋಟಾರಿನ ಬಲವು ನಡುಕವಾಗಿ ಪರಿಣಮಿಸುವುದು. ಹತ್ತಾರು ಫಲಕಗಳು ಮಾರಾಟವಾಗಿ ಕೈಯಲ್ಲಿ ಕಾಸು ನಿಂತ ಮೇಲೆ ದೊಡ್ಡ ಯಂತ್ರದ ಯೋಚನೆ ಮಾಡಬಹುದು. ಒಡವೆಗಳು ಪೆಟ್ಟಿಗೆಯಲ್ಲಿಯೇ ಇರಲಿ.

ಪಂಚೆಯ ಅಂಚಾಗಲಿ ಜೋಲುವ ತೋಳಾಗಲಿ ತಿರುಗುವ ಕಟ್ಟರಿನ ಬಳಿ ಸುಳಿಯಕೂಡದು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಅವಶ್ಯ. ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿಯನ್ನು ಕೈಗೆಟಕುವಂತೆ ಹಾಕಿಸಿ, ಅದು ಎಲ್ಲಿರುವುದೆಂದು ಮನೆಯಾಕೆಗೂ ತೋರಿಸಿಡತಕ್ಕದ್ದು.