ನವೆಂಬರ್ ಅರ್ಜಿ, ಜನವರಿ ಅರ್ಜಿ: ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ

ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪಾಠವನ್ನು ನೋಡಲು ಅವಲೋಕನ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಾಠ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮಕ್ಕ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕ್ತಿದ್ದಾಳೆ. ನವೆಂಬರ್‌ಗೆ ಹಾಕಿದ್ರೆ ಸೀಟು ಸುಲಭ, ಜನವರಿಗೆ ಹಾಕಿದ್ರೆ ಕಷ್ಟ ಅಂತಾರಂತೆ. ಕಾಲೇಜು ಒಂದೇ ಅಲ್ವಾ, ಎರಡು ಸಲ ಯಾಕೆ ಕರೀತಾರೆ?”

ನಮ್ಮ ಪ್ರಶಿಕ್ಷಣಾರ್ಥಿ ಸ್ವಲ್ಪವೂ ತಡಮಾಡದೆ ಉತ್ತರಿಸಿದರು: “ಬಸ್ಸಲ್ಲಿ ಮೊದಲು ಹತ್ತಿದವರಿಗೆ ಸೀಟು ಸಿಗುತ್ತಲ್ಲ, ಹಾಗೇ.” ಮಕ್ಕಳು ನಕ್ಕರು, ಗಂಟೆ ಹೊಡೆಯಿತು. ಹೋಲಿಕೆ ಚೆನ್ನಾಗಿತ್ತು, ಉತ್ತರ ತಪ್ಪಾಗಿತ್ತು. ಅದು ಏಕೆ ತಪ್ಪು, ಆ ಪ್ರಶ್ನೆಯಲ್ಲಿ ಶಿಕ್ಷಕರಾಗುವವರಿಗೆ ಏನಿದೆ ಎಂಬುದನ್ನು ಹೇಳಲು ಈ ಬರಹ.

ಮೊದಲು ವಿಷಯವನ್ನು ಬಿಡಿಸಿಕೊಳ್ಳೋಣ. ಅಮೆರಿಕದ ಆಯ್ದ ಕಾಲೇಜುಗಳಲ್ಲಿ ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ಸುತ್ತುಗಳಿವೆ. ಮೊದಲ ಸುತ್ತಿಗೆ ನವೆಂಬರ್ ಆರಂಭದಲ್ಲೋ ಮಧ್ಯದಲ್ಲೋ ಅರ್ಜಿ ಸಲ್ಲಿಸಬೇಕು. ಹೆಚ್ಚಿನ ಕಡೆ ಡಿಸೆಂಬರ್ ಮಧ್ಯದ ಹೊತ್ತಿಗೆ ಉತ್ತರ ಬರುತ್ತದೆ. ಸಾಮಾನ್ಯ ಸುತ್ತಿಗೆ ಜನವರಿಯ ಆಸುಪಾಸಿನಲ್ಲಿ ಅರ್ಜಿ, ಮಾರ್ಚ್ ಕೊನೆಗೋ ಏಪ್ರಿಲ್ ಆರಂಭಕ್ಕೋ ಉತ್ತರ, ಮೇ 1ರೊಳಗೆ ವಿದ್ಯಾರ್ಥಿಯ ತೀರ್ಮಾನ. ಮೊದಲ ಸುತ್ತಿನಲ್ಲೇ ಮತ್ತೆ ಎರಡು ಬಗೆ. ‘ಅರ್ಲಿ ಆಕ್ಷನ್’ ಎಂದರೆ ಬೇಗ ಕೇಳಿ, ಬೇಗ ಉತ್ತರ ಪಡೆದು, ನಿಧಾನವಾಗಿ ನಿರ್ಧರಿಸಬಹುದು. ‘ಅರ್ಲಿ ಡಿಸಿಷನ್’ ಹಾಗಲ್ಲ. ಅಲ್ಲಿ ಒಂದೇ ಕಾಲೇಜಿಗೆ ಮಾತು ಕೊಡಬೇಕು: ನೀವು ಕರೆದರೆ ನಾನು ಬರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆಯುತ್ತೇನೆ ಎಂದು. ಆ ಒಪ್ಪಂದಕ್ಕೆ ವಿದ್ಯಾರ್ಥಿಯ ಜೊತೆ ಪೋಷಕರೂ, ಶಾಲೆಯ ಮಾರ್ಗದರ್ಶಕರೂ ಸಹಿ ಹಾಕುತ್ತಾರೆ.

ಈಗ ಬಸ್ಸಿನ ಹೋಲಿಕೆ ಎಲ್ಲಿ ಮುರಿಯುತ್ತದೆ ನೋಡಿ. ಗಡುವಿನೊಳಗೆ ಬಂದ ಅರ್ಜಿಗಳನ್ನು ಆ ಸುತ್ತಿನಲ್ಲಿ ಒಟ್ಟಿಗೇ ಪರಿಶೀಲಿಸುತ್ತಾರೆ. ಅಕ್ಟೋಬರ್ ಮೊದಲ ವಾರ ಕಳಿಸಿದವನಿಗೂ ಕೊನೆಯ ದಿನ ಕಳಿಸಿದವನಿಗೂ ವ್ಯತ್ಯಾಸವಿಲ್ಲ. ಕಾಲೇಜು ಬೆಲೆ ಕೊಡುವುದು ಬೇಗ ಬಂದದ್ದಕ್ಕಲ್ಲ, ಕೊಟ್ಟ ಮಾತಿಗೆ.

ಆ ಮಾತು ಕಾಲೇಜಿಗೆ ಏಕೆ ಬೇಕು? ಇದನ್ನು ಕರಿಹಲಗೆಯ ಮೇಲೆ ಸರಳ ಲೆಕ್ಕದಿಂದ ತೋರಿಸಬಹುದು. ಅಂಕಿಗಳು ನಾನು ಪಾಠಕ್ಕಾಗಿ ಇಟ್ಟುಕೊಂಡವು. ಒಂದು ಕಾಲೇಜಿಗೆ 1000 ವಿದ್ಯಾರ್ಥಿಗಳು ಬೇಕು, ಅರ್ಜಿ ಹಾಕಿದವರು 10,000. ಒಬ್ಬೊಬ್ಬರೂ ಹಲವು ಕಾಲೇಜುಗಳಿಗೆ ಅರ್ಜಿ ಹಾಕಿರುತ್ತಾರೆ. ಕರೆದವರಲ್ಲಿ ಅರ್ಧದಷ್ಟು ಜನ ಬರಬಹುದೆಂದು ಅಂದಾಜಿಸಿ ಕಾಲೇಜು 2000 ಜನರಿಗೆ ಪ್ರವೇಶಪತ್ರ ಕಳಿಸುತ್ತದೆ. ಶೇ. 45 ಮಂದಿ ಮಾತ್ರ ಬಂದರೆ 900 ಆಗಿ ನೂರು ಸೀಟು ಖಾಲಿ, ಆ ಶುಲ್ಕವೂ ಖೋತಾ. ಶೇ. 55 ಬಂದರೆ 1100. ಹಾಸ್ಟೆಲಿನಲ್ಲಿ ನೂರು ಮಂಚ ಕಡಿಮೆ. ಕರೆದವರಲ್ಲಿ ಬಂದು ಸೇರುವವರ ಪ್ರಮಾಣಕ್ಕೆ ಅಲ್ಲಿಯವರು ‘ಯೀಲ್ಡ್’ ಎನ್ನುತ್ತಾರೆ. ನಮ್ಮ ರೈತರ ಮಾತಿನಲ್ಲಿ ಇಳುವರಿ.

ಈಗ ಅದೇ ಕಾಲೇಜು ಡಿಸೆಂಬರಿನಲ್ಲೇ ಮಾತು ಕೊಟ್ಟ 500 ಜನರನ್ನು ತೆಗೆದುಕೊಂಡಿತು ಎನ್ನೋಣ. ಅವರು ಹೆಚ್ಚುಕಡಿಮೆ ಎಲ್ಲರೂ ಬರುತ್ತಾರೆ. ಉಳಿದ 500 ಸೀಟಿಗೆ 1000 ಪತ್ರ ಸಾಕು. ಅಂದಾಜು ಅಷ್ಟೇ ತಪ್ಪಿದರೂ ಒಟ್ಟು ಸಂಖ್ಯೆ 950ರಿಂದ 1050ರೊಳಗೆ ನಿಲ್ಲುತ್ತದೆ. ಅನಿಶ್ಚಿತತೆ ಅರ್ಧಕ್ಕಿಳಿಯಿತು. ಇನ್ನೊಂದೂ ಆಯಿತು. ಮೊದಲು 10,000ದಲ್ಲಿ 2000 ಮಂದಿಯನ್ನು, ಅಂದರೆ ಶೇ. 20ರಷ್ಟು ಜನರನ್ನು ಕರೆಯಬೇಕಿತ್ತು. ಈಗ 1500, ಶೇ. 15 ಮಾತ್ರ. ಪಾಠ ಹೇಳುವವರು ಬದಲಾಗಿಲ್ಲ, ಗ್ರಂಥಾಲಯಕ್ಕೆ ಒಂದು ಪುಸ್ತಕವೂ ಸೇರಿಲ್ಲ, ಆದರೂ ಕಾಲೇಜು ಹೊರಗಿನವರ ಕಣ್ಣಿಗೆ ಹೆಚ್ಚು ‘ಕಷ್ಟದ’ ಕಾಲೇಜಾಗಿ ಕಾಣುತ್ತದೆ. ‘ಯು.ಎಸ್. ನ್ಯೂಸ್’ ಪತ್ರಿಕೆಯ ಶ್ರೇಯಾಂಕ ಪಟ್ಟಿಯಲ್ಲಿ ಒಂದು ಕಾಲಕ್ಕೆ ಈ ಎರಡು ಪ್ರಮಾಣಗಳಿಗೂ ಲೆಕ್ಕವಿತ್ತು. ಈಗ ಎರಡನ್ನೂ ಕೈಬಿಟ್ಟಿದ್ದಾರೆ, ಆದರೆ ಅಭ್ಯಾಸ ಉಳಿದಿದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮೊದಲ ಸುತ್ತು ಬರೀ ಕಾಲೇಜಿನ ಸ್ವಾರ್ಥವಲ್ಲ. ಎಲ್ಲ ಕಡೆಗೂ ಅರ್ಜಿ ಹಾಕುವ ಸಾವಿರಾರು ಜನರ ನಡುವೆ ನಿಜಕ್ಕೂ ಇಲ್ಲಿಗೇ ಬರಬೇಕೆಂದಿರುವವರು ಯಾರು ಎಂದು ತಿಳಿಯುವ ದಾರಿ ಅದು. ಯಾವ ಕಾಲೇಜು ಬೇಕೆಂದು ಖಚಿತವಾಗಿ ಗೊತ್ತಿರುವ ಮಗುವಿಗೆ ಡಿಸೆಂಬರಿನಲ್ಲೇ ನೆಮ್ಮದಿ. ಅರ್ಜಿ ಓದುವವರ ಕೆಲಸವೂ ಎರಡು ಭಾಗವಾಗಿ ಹಂಚಿಹೋಗುತ್ತದೆ.

ಹಾಗಾದರೆ ತಕರಾರೇನು? ಹಣದ ಪ್ರಶ್ನೆ. ಅಲ್ಲಿ ಕಾಲೇಜಿನಿಂದ ಕಾಲೇಜಿಗೆ ಸಿಗುವ ನೆರವಿನ ಮೊತ್ತ ಬೇರೆ. ಏಪ್ರಿಲ್‌ವರೆಗೆ ಕಾದವನು ನಾಲ್ಕು ಕಾಲೇಜಿನ ಪತ್ರಗಳನ್ನು ಮೇಜಿನ ಮೇಲೆ ಹರಡಿ ಯಾವುದು ಕೈಗೆಟುಕುತ್ತದೆ ಎಂದು ನೋಡಬಹುದು. ನವೆಂಬರಿನಲ್ಲಿ ಮಾತು ಕೊಟ್ಟವನ ಮುಂದೆ ಒಂದೇ ಪತ್ರ. ಕೊಟ್ಟ ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು, ನಿಜ. ಆದರೆ ಹೋಲಿಸಿ ನೋಡುವ ಅವಕಾಶ ಆಗಲೇ ಕೈತಪ್ಪಿರುತ್ತದೆ. ಹಾಗಾಗಿ ನಿಶ್ಚಿಂತೆಯಿಂದ ಮಾತು ಕೊಡಬಲ್ಲವರು ಖರ್ಚಿನ ಚಿಂತೆಯಿಲ್ಲದವರು, ಮತ್ತು ಸೆಪ್ಟೆಂಬರ್ ಹೊತ್ತಿಗೇ ಎಲ್ಲವನ್ನೂ ವಿವರಿಸಿ ಹೇಳುವ ಮಾರ್ಗದರ್ಶಕರಿರುವ ಶಾಲೆಯವರು.

ಆ ಮಾತಿಗೆ ಫಲವಿಲ್ಲದಿದ್ದರೆ ಚಿಂತೆಯಿರಲಿಲ್ಲ. ಕ್ರಿಸ್ಟೋಫರ್ ಅವೆರಿ, ಆಂಡ್ರ್ಯೂ ಫೇರ್‌ಬ್ಯಾಂಕ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳ ಅರ್ಹತೆಯನ್ನು ಸರಿದೂಗಿಸಿ ನೋಡಿದ ಮೇಲೂ, ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದ್ದರ ಲಾಭ ಆಗಿನ 1600 ಅಂಕಗಳ ಎಸ್‌.ಎ.ಟಿ. ಪರೀಕ್ಷೆಯಲ್ಲಿ 100 ಅಂಕ ಹೆಚ್ಚು ಪಡೆದದ್ದಕ್ಕೆ ಸಮ ಎಂದು ಕಂಡುಬಂತು. ಮೊದಲ ಸುತ್ತಿನಲ್ಲಿ ಕ್ರೀಡಾಪಟುಗಳೂ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಹೆಚ್ಚಿರುತ್ತಾರಾದ್ದರಿಂದ ಬರೀ ಶೇಕಡಾವಾರು ಹೋಲಿಸಿದರೆ ದಾರಿ ತಪ್ಪುತ್ತೇವೆ; ಆದರೆ ಅದನ್ನೆಲ್ಲ ಬದಿಗಿಟ್ಟರೂ ಲಾಭ ಉಳಿಯುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇದು: ಬದ್ಧತೆ ಕೇಳದ ಮೊದಲ ಸುತ್ತು ಇರಲಿ, ಮಾತು ಕಟ್ಟಿಸಿಕೊಳ್ಳುವ ಸುತ್ತು ಬಡ ವಿದ್ಯಾರ್ಥಿಯಿಂದ ಅವನಲ್ಲಿಲ್ಲದ ಬೆಲೆಯನ್ನು ಕೇಳುತ್ತದೆ.

ಇದು ಅಲ್ಲಿಯವರಿಗೆ ಗೊತ್ತಿಲ್ಲದ್ದೇನಲ್ಲ. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು, ಇದು ಉಳ್ಳವರಿಗೇ ಅನುಕೂಲ ಎಂದು ಒಪ್ಪಿ, ಮೊದಲ ಸುತ್ತನ್ನು ನಿಲ್ಲಿಸುವುದಾಗಿ ಘೋಷಿಸಿದವು. ಪೈಪೋಟಿಯ ಉಳಿದ ಕಾಲೇಜುಗಳು ಹಿಂಬಾಲಿಸಲಿಲ್ಲ. ಬೇಗ ಉತ್ತರ ಬಯಸಿದ ಒಳ್ಳೆಯ ವಿದ್ಯಾರ್ಥಿಗಳು ಬೇರೆಡೆ ಹೋಗತೊಡಗಿದರು. 2011ರ ಹೊತ್ತಿಗೆ ಮೂರೂ ಸಂಸ್ಥೆಗಳು, ಬದ್ಧತೆ ಕೇಳದ ರೂಪದಲ್ಲಿ, ಮೊದಲ ಸುತ್ತಿಗೆ ಮರಳಿದವು. ಒಬ್ಬರೇ ನಿಲ್ಲಿಸಿದರೆ ನಿಲ್ಲದ ಪೈಪೋಟಿ ಇದು. ಅಮೆರಿಕದ ಆಸ್ಪತ್ರೆಗಳೂ 1940ರ ದಶಕದಲ್ಲಿ ಇದೇ ಸುಳಿಗೆ ಸಿಕ್ಕಿದ್ದವು. ಕೋರ್ಸು ಮುಗಿಯಲು ಎರಡು ವರ್ಷ ಇರುವಾಗಲೇ ವೈದ್ಯಕೀಯ ವಿದ್ಯಾರ್ಥಿಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದವು. 1950ರ ದಶಕದ ಆರಂಭದಲ್ಲಿ ಎಲ್ಲರಿಗೂ ಒಂದೇ ಕೇಂದ್ರೀಕೃತ ಹೊಂದಾಣಿಕೆ ವ್ಯವಸ್ಥೆ ಬಂದ ಮೇಲೆ ಅದು ಹತೋಟಿಗೆ ಬಂತು. ಇಂಥ ವ್ಯವಸ್ಥೆಗಳ ಅಧ್ಯಯನಕ್ಕಾಗಿ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶ್ಯಾಪ್ಲಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಸಿಇಟಿ ಸೀಟು ಹಂಚಿಕೆಯನ್ನು ಕಂಡವರಿಗೆ ಇದರ ಇನ್ನೊಂದು ಮುಖ ಗೊತ್ತು. ಆಪ್ಷನ್ ಎಂಟ್ರಿಯಲ್ಲಿ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತಾನೆ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೇ, ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೂ ಹೋಗಬಹುದು. ಅಲ್ಲಿಯ ಸುತ್ತು ವಿದ್ಯಾರ್ಥಿಯನ್ನು ಕಟ್ಟಿಹಾಕುವುದಕ್ಕೆ. ಇಲ್ಲಿಯ ಸುತ್ತು ಅವನಿಗೆ ಇನ್ನೊಂದು ಅವಕಾಶ ಕೊಡುವುದಕ್ಕೆ. ಹಾಗೆಂದು ನಮ್ಮದೇ ಶ್ರೇಷ್ಠ ಎಂದು ಬೀಗಬೇಕಿಲ್ಲ. ನಮ್ಮದು ರ‍್ಯಾಂಕ್ ಒಂದನ್ನೇ ನೋಡುತ್ತದೆ. ಮಗುವಿನ ಬರವಣಿಗೆ, ಶಿಕ್ಷಕರ ಮಾತು ಯಾವುದೂ ಅದಕ್ಕೆ ಕಾಣುವುದಿಲ್ಲ. ಆದರೆ ‘ಸುತ್ತು’ ಎಂಬ ಒಂದೇ ಶಬ್ದ ಎರಡು ಕಡೆ ಎರಡು ಕೆಲಸ ಮಾಡುತ್ತದೆಂಬುದು ಒಳ್ಳೆಯ ಪಾಠ.

ಅಂದು ಸಂಜೆ ವಿಮರ್ಶಾ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು: “ನಮ್ಮ ಶಾಲೆಯ ಮಕ್ಕಳಲ್ಲಿ ಅಮೆರಿಕಕ್ಕೆ ಹೋಗೋರು ಎಷ್ಟು ಜನ ಸಾರ್? ಇಷ್ಟು ಚರ್ಚೆ ಬೇಕಾ?” ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರ ಎರಡು. ಒಂದು, ಹೋಗುವ ಒಬ್ಬಳೇ ಇದ್ದರೂ ಆ ಒಪ್ಪಂದಕ್ಕೆ ಸಹಿ ಹಾಕಬೇಕಾದವರು ಶಾಲೆಯವರು. ಮಾರ್ಗದರ್ಶಕರ ಹುದ್ದೆಯೇ ಇಲ್ಲದ ಕಡೆ ಆ ಕಾಗದ ಪ್ರಾಂಶುಪಾಲರ ಅಥವಾ ನಾಳೆ ನಿಮ್ಮ ಮೇಜಿಗೆ ಬರುತ್ತದೆ. “ಬೇಗ ಹಾಕಮ್ಮ, ಸುಲಭ” ಎಂದು ಸಹಿ ಮಾಡುವ ಮೊದಲು, ಮನೆಯವರು ಖರ್ಚಿನ ಲೆಕ್ಕ ಹಾಕಿದ್ದಾರೆಯೇ, ಕಾಲೇಜು ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುತ್ತದೆಯೇ, ಮಾತು ಕಟ್ಟುವ ಸುತ್ತೋ ಕಟ್ಟದ ಸುತ್ತೋ ಎಂದು ಮೂರು ಪ್ರಶ್ನೆ ಕೇಳುವುದು ಶಿಕ್ಷಕರ ಕರ್ತವ್ಯ.

ಎರಡನೆಯದು ನಮ್ಮ ತರಗತಿಗೇ ಸಂಬಂಧಿಸಿದ್ದು. ನಾವೂ ಪ್ರತಿದಿನ ಮೊದಲ ಸುತ್ತು ನಡೆಸುತ್ತೇವೆ. ಪ್ರಶ್ನೆ ಕೇಳಿದ ಕೂಡಲೇ ಎತ್ತಿದ ಕೈಗೆ ಉತ್ತರ ಹೇಳುವ ಅವಕಾಶ ಕೊಟ್ಟು ಮುಂದೆ ಹೋಗುತ್ತೇವೆ. ಪಾಠ ನಿಗದಿತ ಸಮಯಕ್ಕೆ ಮುಗಿಯುತ್ತದೆ, ಅವಲೋಕನ ಪುಸ್ತಕದಲ್ಲಿ ಒಳ್ಳೆಯ ಅಂಕ ಬೀಳುತ್ತದೆ. ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಬೇಗ ಕೈ ಎತ್ತುವ ಮಗುವಿನ ಮನೆಯಲ್ಲಿ ಬಹುಶಃ ನಿನ್ನೆಯೇ ಯಾರೋ ಪಾಠ ಹೇಳಿಕೊಟ್ಟಿರುತ್ತಾರೆ. ಅದು ಆ ಮಗುವಿನ ತಪ್ಪಲ್ಲ. ಆದರೆ ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಕ್ರಮವನ್ನು ಮಗುವಿನ ಯೋಗ್ಯತೆ ಎಂದು ತಿಳಿಯುವುದು ನಮ್ಮ ತಪ್ಪು.

ಮರುದಿನ ನಮ್ಮ ಪ್ರಶಿಕ್ಷಣಾರ್ಥಿ ತರಗತಿಗೆ ಹೋದ ಕೂಡಲೇ, “ನಿನ್ನೆ ನಾನು ಬಸ್ಸಿನ ಉದಾಹರಣೆ ಕೊಟ್ಟೆ, ಅದು ಸರಿಯಿರಲಿಲ್ಲ” ಎಂದು ಶುರುಮಾಡಿದರು. ಸಾವಿರ ಸೀಟಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದು, “ಇದರಲ್ಲಿ ಲಾಭ ಯಾರಿಗೆ?” ಎಂದು ಕೇಳಿ ಸುಮ್ಮನೆ ನಿಂತರು. ಮುಂದಿನ ಬೆಂಚಿನ ಎರಡು ಕೈ ಆಗಲೇ ಮೇಲಿದ್ದವು. ಅವರು ಕಾದರು. ಕಿಟಕಿಯ ಪಕ್ಕದ, ಎರಡು ವಾರದಲ್ಲಿ ಒಮ್ಮೆಯೂ ಮಾತಾಡದ ಹುಡುಗ ನಿಧಾನವಾಗಿ ಎದ್ದ: “ಮಿಸ್, ಕಾಲೇಜಿಗೆ. ದುಡ್ಡಿರೋರಿಗೂ.” ಆ ದಿನದ ಅವಲೋಕನ ಪುಸ್ತಕದಲ್ಲಿ ಪಾಠ ಐದು ನಿಮಿಷ ತಡವಾಗಿ ಮುಗಿಯಿತೆಂದು ನಾನು ಬರೆಯಲಿಲ್ಲ.